ಹಾಸಿಗೆಯ ಪಕ್ಕದ ಕೆಲಸಕ್ಕೂ ಪರೀಕ್ಷೆ

ಬಲಗೈ ಸ್ವಾಧೀನ ತಪ್ಪಿದ ಹಿರಿಯರಿಗೆ ಅಂಗಿ ತೊಡಿಸುವಾಗ ಯಾವ ತೋಳು ಮೊದಲು? ಸೋತ ಕೈಯದ್ದೇ ಮೊದಲು. ಬಿಚ್ಚುವಾಗ ಗಟ್ಟಿ ಕೈಯಿಂದ ಶುರು. ಅದಕ್ಕೂ ಮುಂಚೆ, ಇವತ್ತು ಯಾವ ಅಂಗಿ ಹಾಕಿಕೊಳ್ಳುತ್ತೀರಿ ಎಂದು ಅವರನ್ನೇ ಕೇಳಬೇಕು. ಅಮೆರಿಕದಲ್ಲಿ 'ಸರ್ಟಿಫೈಡ್ ನರ್ಸಿಂಗ್ ಅಸಿಸ್ಟೆಂಟ್' ಆಗಲು ಹೊರಟವರು ಇಂಥದ್ದನ್ನೆಲ್ಲ ಪರೀಕ್ಷಕರ ಎದುರು ಮಾಡಿ ತೋರಿಸಬೇಕಾಗುತ್ತದೆ. ಯಾರು ಬೇಕಾದರೂ ಮಾಡಬಹುದು ಎಂದು ನಾವು ತಿಳಿದಿರುವ ಕೆಲಸವನ್ನು ಅಲ್ಲಿನ ಸರ್ಕಾರ ವಿದ್ಯೆಯೆಂದು ಒಪ್ಪಿದ ಬಗೆ ತಿಳಿಯುವಂಥದ್ದು.

ಅದರ ಹಿಂದೆ ನೋವಿನ ಚರಿತ್ರೆಯಿದೆ. ಅಲ್ಲಿನ ವೃದ್ಧರ ಆರೈಕೆ ಕೇಂದ್ರಗಳಲ್ಲಿ ಹಾಸಿಗೆ ಹುಣ್ಣು, ಅಲಕ್ಷ್ಯ, ಹಿರಿಯರನ್ನು ಮಂಚಕ್ಕೋ ಕುರ್ಚಿಗೋ ಕಟ್ಟಿಹಾಕುವ ರೂಢಿಯ ಬಗ್ಗೆ ದೂರುಗಳು ಬೆಳೆದಿದ್ದವು. ಸಂಸತ್ತಿನ ಕೋರಿಕೆಯ ಮೇಲೆ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 1986ರಲ್ಲಿ ವರದಿ ಕೊಟ್ಟಿತು. ಮರುವರ್ಷವೇ ಕಾನೂನು ಬಂತು. ಮೆಡಿಕೇರ್, ಮೆಡಿಕೇಡ್ ಎಂಬ ಸರ್ಕಾರಿ ಆರೋಗ್ಯ ಯೋಜನೆಗಳ ಹಣ ಪಡೆಯುವ ಆರೈಕೆ ಕೇಂದ್ರಗಳ ಸಹಾಯಕರಿಗೆ ಕನಿಷ್ಠ 75 ಗಂಟೆಗಳ ತರಬೇತಿ ಕಡ್ಡಾಯವಾಯಿತು. ತರಬೇತಿ, ಪರೀಕ್ಷೆ ಮುಗಿಸದವರನ್ನು ನಾಲ್ಕು ತಿಂಗಳು ಮೀರಿ ಇಟ್ಟುಕೊಳ್ಳುವಂತಿಲ್ಲ. ತರಬೇತಿಗೆ ಮಂಜೂರಾತಿ, ಪರೀಕ್ಷೆ, ನೋಂದಣಿ ಎಲ್ಲವೂ ಆಯಾ ರಾಜ್ಯದ ಹೊಣೆ. 75 ಗಂಟೆ ಸಾಲದೆಂದು ಕಂಡ ರಾಜ್ಯಗಳು ಹೆಚ್ಚಿಸಿಕೊಂಡಿವೆ: ಉದಾಹರಣೆಗೆ, ಕ್ಯಾಲಿಫೋರ್ನಿಯಾದಲ್ಲಿ 160.

ರೋಗಿಯನ್ನು ಮುಟ್ಟುವ ಮೊದಲೇ 16 ಗಂಟೆಗಳ ಪಾಠ ಆಗಿರಬೇಕು. ಸೋಂಕು ತಡೆಯುವುದು, ಗಂಟಲಲ್ಲಿ ತುತ್ತು ಸಿಕ್ಕಿಕೊಂಡಾಗ ಮಾಡಬೇಕಾದ್ದು, ಮಾತಾಡುವ ರೀತಿ ಇವುಗಳ ಜೊತೆಗೆ ಆ ವ್ಯಕ್ತಿಯ ಹಕ್ಕುಗಳೇನು, ತನ್ನ ಕೆಲಸವನ್ನು ತಾನೇ ಮಾಡಿಕೊಳ್ಳಲು ಅವರನ್ನು ಹೇಗೆ ಹುರಿದುಂಬಿಸಬೇಕು ಎಂಬುದೂ ಆ ಪಾಠದಲ್ಲೇ ಸೇರಿದೆ. ಆಮೇಲೆ ಪರೀಕ್ಷೆ. ಒಂದು ಭಾಗ ಲಿಖಿತ. ಓದಿ ಬರೆಯಲು ಕಷ್ಟವಾದವರು ಅದರ ಬದಲು ಮೌಖಿಕ ಪರೀಕ್ಷೆ ಆರಿಸಿಕೊಳ್ಳಬಹುದು. ಕೈಕೆಲಸ ಬಲ್ಲವರನ್ನು ಅಕ್ಷರದ ಕಾರಣಕ್ಕೆ ಹೊರಗಿಡದ ಈ ಏರ್ಪಾಡು ನನಗೆ ಬಹಳ ಹಿಡಿಸಿತು. ಇನ್ನೊಂದು ಭಾಗ ಪ್ರಾತ್ಯಕ್ಷಿಕೆ. ಹಲವು ರಾಜ್ಯಗಳು ಬಳಸುವ ಪರೀಕ್ಷೆಯಲ್ಲಿ, ನಾಡಿಯನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು. ಪರೀಕ್ಷಕರ ಲೆಕ್ಕಕ್ಕೂ ಅಭ್ಯರ್ಥಿಯ ಲೆಕ್ಕಕ್ಕೂ ನಾಲ್ಕು ಬಡಿತಕ್ಕಿಂತ ಹೆಚ್ಚು ಅಂತರ ಇರಬಾರದು. ಊಟ ಮಾಡಿಸುವಾಗ ನಿಂತುಕೊಂಡು ತುತ್ತಿಡುವ ಹಾಗಿಲ್ಲ. ಎದುರು ಕೂತು, ತಟ್ಟೆಯಲ್ಲಿ ಏನೇನಿದೆ ಎಂದು ಹೇಳಿ, ನಡುನಡುವೆ ಕುಡಿಯಲು ಕೊಡಬೇಕು. ಮೈ ಒರೆಸುವ ನೀರಿನ ಬಿಸಿ ಹಿತವಾಗಿದೆಯೇ ಎಂದು ಅವರಿಂದಲೇ ತಿಳಿಯಬೇಕು. ಎಲ್ಲ ಮುಗಿಸಿ ಹೊರಡುವಾಗ ಕರೆಗಂಟೆಯ ಗುಂಡಿ ಅವರ ಕೈಗೆ ಸಿಗುವಂತಿದೆಯೇ ಎಂದು ನೋಡಬೇಕು.

ಇಷ್ಟಾದರೂ, ಈ ವ್ಯವಸ್ಥೆಯ ಜೀವಾಳ ಇರುವುದು ನೋಂದಣಿ ಪುಸ್ತಕದಲ್ಲಿ. ಪ್ರತಿ ರಾಜ್ಯವೂ ಇದನ್ನು ಇಡಬೇಕು, ಜನರು ನೋಡುವಂತಿರಬೇಕು. ಹಿಂಸೆ, ಅಲಕ್ಷ್ಯ ಅಥವಾ ರೋಗಿಯ ಹಣ-ಒಡವೆ ಲಪಟಾಯಿಸಿದ್ದು ವಿಚಾರಣೆಯಲ್ಲಿ ಸಾಬೀತಾದರೆ ಅದು ಆ ಸಹಾಯಕರ ಹೆಸರಿನ ಮುಂದೆ ದಾಖಲಾಗುತ್ತದೆ. ಆರೋಪ ಹೊತ್ತವರಿಗೂ ಅಹವಾಲು ಹೇಳಿಕೊಳ್ಳುವ ಹಕ್ಕಿದೆ. ತೀರ್ಮಾನವನ್ನು ಒಪ್ಪದಿದ್ದರೆ ಅವರ ಹೇಳಿಕೆಯನ್ನೂ ಪಕ್ಕದಲ್ಲೇ ಸೇರಿಸಬೇಕು. ವರ್ಷಕ್ಕೆ 12 ಗಂಟೆಗಳ ಮರುತರಬೇತಿ ಕಡ್ಡಾಯ. ಸತತ 24 ತಿಂಗಳು ಸಂಬಳದ ಆರೈಕೆ ಕೆಲಸ ಮಾಡದವರು ಮತ್ತೆ ತರಬೇತಿ ಪಡೆದು ಪರೀಕ್ಷೆ ಕೊಡಬೇಕು, ಇಲ್ಲವೇ ಪರೀಕ್ಷೆಯನ್ನಾದರೂ ಮತ್ತೆ ಮುಗಿಸಬೇಕು.

ಸಹಾಯಕರಿಗೆ ಹೀಗಾದರೆ, ವೈದ್ಯಕೀಯ ತಂತ್ರಜ್ಞರ ವಿಷಯದಲ್ಲಿ ಅಲ್ಲಿ ಏಕರೂಪತೆಯಿಲ್ಲ. ಡಯಾಲಿಸಿಸ್ ತಂತ್ರಜ್ಞರು ಕೆಲಸಕ್ಕೆ ಸೇರಿದ 18 ತಿಂಗಳೊಳಗೆ ಪ್ರಮಾಣಪತ್ರ ಪಡೆಯಬೇಕೆಂಬ ನಿಯಮ ದೇಶಕ್ಕೆಲ್ಲ ಒಂದೇ. ರಕ್ತದ ಮಾದರಿ ತೆಗೆಯುವವರಿಗೆ ಮಾತ್ರ ಕೆಲವೇ ರಾಜ್ಯಗಳು ಪರವಾನಗಿ ಕೇಳುತ್ತವೆ. ಕ್ಯಾಲಿಫೋರ್ನಿಯಾ ಅವುಗಳಲ್ಲೊಂದು, ಅನುಭವವಿಲ್ಲದವರು ಅಲ್ಲಿ 50 ಸಲ ರಕ್ತನಾಳಕ್ಕೆ ಸೂಜಿ ಹಾಕಿ, 10 ಸಲ ಬೆರಳು ಚುಚ್ಚಿ ಮಾದರಿ ತೆಗೆದಿರಬೇಕು.

ಸಹಾಯಕರ ವ್ಯವಸ್ಥೆಯಲ್ಲಿ ಕೊರತೆಗಳೂ ಇವೆ. 1987ರ ಕಾನೂನಿನ 75 ಗಂಟೆ ಇವತ್ತಿಗೂ ಕದಲಿಲ್ಲ. ಕನಿಷ್ಠ 120 ಆಗಲಿ ಎಂದು ಅದೇ ಇನ್‌ಸ್ಟಿಟ್ಯೂಟ್ 2008ರಲ್ಲಿ ಹೇಳಿತ್ತು. ಸಂಬಳ ಕಡಿಮೆ, ಬೆನ್ನು ಮುರಿಯುವ ದುಡಿಮೆ, ಬಿಟ್ಟು ಹೋಗುವವರು ಬಹಳ. ಪ್ರಮಾಣಪತ್ರವೊಂದೇ ಗೌರವ ತಂದುಕೊಡದು, ಅದಕ್ಕೆ ತಕ್ಕ ಕೂಲಿಯೂ ಬೇಕು.

ನಮ್ಮಲ್ಲೂ ಬದಲಾವಣೆಯ ಗಾಳಿ ಬೀಸತೊಡಗಿದೆ. 2021ರ ಕೇಂದ್ರ ಕಾಯ್ದೆ ಲ್ಯಾಬ್, ಡಯಾಲಿಸಿಸ್, ಎಕ್ಸ್‌ರೇ ತಂತ್ರಜ್ಞರಂಥವರಿಗೆ ರಾಜ್ಯ ಪರಿಷತ್ತು ಮತ್ತು ನೋಂದಣಿಯನ್ನು ವಿಧಿಸಿದೆ: ಡಿಪ್ಲೊಮಾ ಅಥವಾ ಪದವಿಗೆ ಕನಿಷ್ಠ 2,000 ಗಂಟೆ ಕಲಿಕೆ. ಆದರೆ ಪಾರ್ಶ್ವವಾಯು ಹೊಡೆದ ತಂದೆಯನ್ನೋ ಮರೆವಿನ ಕಾಯಿಲೆಯ ತಾಯಿಯನ್ನೋ ನೋಡಿಕೊಳ್ಳಲು ಮನೆಗೆ ಬರುವ ಆಯಾ, ಅಟೆಂಡರ್‌ಗಳ ವಿಷಯದಲ್ಲಿ ಹೆಚ್ಚಿನ ಕುಟುಂಬಗಳಿಗೆ ಏಜೆನ್ಸಿಯ ಮಾತೇ ಆಧಾರ. ಯಾರು ಬೇಕಾದರೂ ತೆರೆದು ನೋಡಬಹುದಾದ ಒಂದು ನೋಂದಣಿ ಪಟ್ಟಿಯನ್ನು ಇವರಿಗಾಗಿ ಕರ್ನಾಟಕ ಸರ್ಕಾರ ತರಬೇಕು. ಅಲ್ಲಿಯವರೆಗೆ, ನಿಮ್ಮ ಮನೆಗೆ ಇಂಥವರನ್ನು ಕರೆಸುವಾಗ ಎಲ್ಲಿ ಕಲಿತರು, ರೋಗಿಯ ಬಳಿ ಎಷ್ಟು ದಿನ ಪಳಗಿದರು, ಯಾರು ಪರೀಕ್ಷಿಸಿದರು ಎಂದು ಕೇಳಿ. ಅವರಿಗೆ ವಾರದ ರಜೆ, ಸರಿಯಾದ ಸಂಬಳ ಸಿಗುತ್ತಿದೆಯೇ ಎಂಬುದನ್ನೂ ತಪ್ಪದೆ ವಿಚಾರಿಸಿ.