ಹೊಡೆದುಹಾಕಿದ ಒಂದು ಪ್ಯಾರಾ

ವಿಶ್ವ ಹಿಗ್ಗುತ್ತಿದೆ ಎಂದು ಗೊತ್ತಾದ ಕತೆಯನ್ನು ಎಲ್ಲರೂ ಕ್ಯಾಲಿಫೋರ್ನಿಯಾದ ಮೌಂಟ್ ವಿಲ್ಸನ್ ಬೆಟ್ಟದ ದೊಡ್ಡ ದೂರದರ್ಶಕದಿಂದ ಶುರುಮಾಡುತ್ತಾರೆ. ನನಗೆ ಅದನ್ನು ಬೆಲ್ಜಿಯಂನ ಮೆಖೆಲೆನ್ ಎಂಬ ಊರಿನ ಗುರುಮಠದಿಂದ ಶುರುಮಾಡುವುದೇ ಸರಿ ಅನ್ನಿಸುತ್ತದೆ. 1920ರಲ್ಲಿ ಅಲ್ಲಿಗೆ ಬಂದು ಸೇರಿದ ಜಾರ್ಜ್ ಲೆಮೇತ್ರ ಅವರಿಗೆ ಆಗ ಇಪ್ಪತ್ತಾರು ವರ್ಷ. ಮೊದಲ ಮಹಾಯುದ್ಧದಲ್ಲಿ ಫಿರಂಗಿ ದಳದಲ್ಲಿದ್ದು ಬಂದವರು, ಎಂಜಿನಿಯರಿಂಗ್ ಕೈಬಿಟ್ಟು ಗಣಿತದಲ್ಲಿ ಡಾಕ್ಟರೇಟ್ ಪಡೆದವರು. ಪಾದ್ರಿಯಾಗಬೇಕು ಎಂಬುದು ಅವರ ಒಂದು ಹಂಬಲವಾದರೆ, ಐನ್‌ಸ್ಟೈನ್‌ರ ಸಾಪೇಕ್ಷತಾ ಸಿದ್ಧಾಂತವನ್ನು ಅರಗಿಸಿಕೊಳ್ಳಬೇಕು ಎಂಬುದು ಇನ್ನೊಂದು. ಕಾರ್ಡಿನಲ್ ಮರ್ಸಿಯೆ ಎರಡಕ್ಕೂ ಒಪ್ಪಿದರು. ಮರ್ಸಿಯೆ ಸ್ವತಃ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. ಲೂವೆನ್ ವಿಶ್ವವಿದ್ಯಾಲಯದಲ್ಲಿ 1889ರಲ್ಲಿ ತತ್ತ್ವಶಾಸ್ತ್ರದ ಸಂಸ್ಥೆ ಕಟ್ಟಿ, ಹದಿಮೂರನೆಯ ಶತಮಾನದ ಸಂತ ಥಾಮಸ್ ಅಕ್ವೈನಸ್‌ರ ಚಿಂತನೆಯನ್ನು ಹೊಸ ವಿಜ್ಞಾನದ ಜೊತೆ ಮಾತಿಗೆ ಕೂರಿಸಲು ದುಡಿದವರು.

ಗುರುಮಠದ ದಿನಗಳಲ್ಲಿ, 1921ರಲ್ಲಿ, ಲೆಮೇತ್ರ ಒಂದು ಬರಹ ಬರೆದರು. ಬೈಬಲಿನ ಆದಿಕಾಂಡದಲ್ಲಿ ದೇವರು ಆಡುವ ಮೊದಲ ಮೂರು ಮಾತುಗಳಿಗೆ ಭೌತಶಾಸ್ತ್ರದ ಅರ್ಥ ಹುಡುಕುವ ಪ್ರಯತ್ನ ಅದು. ಬೆಳಕಾಗಲಿ ಎಂಬ ಮಾತನ್ನು ವಿಕಿರಣದ ನಿಯಮಗಳಿಗೆ ಹೊಂದಿಸುವ ಉತ್ಸಾಹ ಅದರಲ್ಲಿದೆ. ವಿಜ್ಞಾನ ಬಲ್ಲ ಭಕ್ತ ತರುಣ ಇಂಥದ್ದನ್ನು ಬರೆಯದಿದ್ದರೇ ಆಶ್ಚರ್ಯ. ನಮ್ಮ ಗಮನಕ್ಕೆ ಬರಬೇಕಾದದ್ದು ಅದರ ಮುಂದಿನದು: ಅವರು ಆ ದಾರಿಯನ್ನು ಬಿಟ್ಟುಬಿಟ್ಟರು. ಧರ್ಮಗ್ರಂಥ ಉದ್ಧಾರದ ದಾರಿ ತೋರಿಸುತ್ತದೆ, ಭೌತಶಾಸ್ತ್ರದ ಪಾಠ ಹೇಳಲು ಅದು ಬಂದಿಲ್ಲ ಎಂಬ ನಿಲುವಿಗೆ ಬಂದ ಮೇಲೆ ಜೀವಮಾನವಿಡೀ ಅದರಿಂದ ಕದಲಲಿಲ್ಲ.

1923ರ ಸೆಪ್ಟೆಂಬರಿನಲ್ಲಿ ಮರ್ಸಿಯೆ ಅವರಿಂದಲೇ ಗುರುದೀಕ್ಷೆ ಆಯಿತು. ಅದೇ ವರ್ಷ ಕೇಂಬ್ರಿಜ್‌ಗೆ ಹೋಗಿ ಆರ್ಥರ್ ಎಡಿಂಗ್ಟನ್ ಬಳಿ ಕಲಿತರು. ಮರುವರ್ಷ ಅಮೆರಿಕದ ಹಾರ್ವರ್ಡ್ ವೀಕ್ಷಣಾಲಯ ಸೇರಿದರು. ಅಲ್ಲಿದ್ದಾಗ ವೆಸ್ಟೊ ಸ್ಲೈಫರ್ ಅಳೆದಿದ್ದ ನೀಹಾರಿಕೆಗಳ ವೇಗ ಅವರ ತಲೆ ಹೊಕ್ಕಿತು. ಬಹುಪಾಲು ನೀಹಾರಿಕೆಗಳು ನಮ್ಮಿಂದ ದೂರ ಓಡುತ್ತಿವೆ, ಏಕೆ? ಲೂವೆನ್‌ಗೆ ಮರಳಿ ಪಾಠ ಹೇಳುತ್ತಲೇ ಲೆಕ್ಕ ಹಾಕಿ, 1927ರಲ್ಲಿ ಬ್ರಸೆಲ್ಸ್‌ನ ವಿಜ್ಞಾನ ಸಂಘದ ಪತ್ರಿಕೆಯಲ್ಲಿ ಫ್ರೆಂಚ್ ಭಾಷೆಯಲ್ಲಿ ಉತ್ತರ ಅಚ್ಚು ಹಾಕಿಸಿದರು. ನೀಹಾರಿಕೆಗಳು ಆಕಾಶದೊಳಗೆ ಓಡುತ್ತಿಲ್ಲ, ಆಕಾಶವೇ ಹಿಗ್ಗುತ್ತಿದೆ. 42 ನೀಹಾರಿಕೆಗಳ ದೂರ ಮತ್ತು ವೇಗ ಹಿಡಿದು ಹಿಗ್ಗುವಿಕೆಯ ದರವನ್ನೂ ಕಟ್ಟಿದ್ದರು: ಪ್ರತಿ ಮೆಗಾಪಾರ್ಸೆಕ್‌ಗೆ ಸೆಕೆಂಡಿಗೆ ಸುಮಾರು 625 ಕಿಲೋಮೀಟರ್. ಇಂದಿನ ಲೆಕ್ಕ 70ರ ಆಸುಪಾಸು ಇದೆ. ಆಗ ದೂರದ ಅಳತೆಗಳೇ ತಪ್ಪಾಗಿದ್ದವು. ಮೌಂಟ್ ವಿಲ್ಸನ್‌ನ ಖಗೋಳವಿಜ್ಞಾನಿ ಹಬಲ್‌ರ ಪ್ರಸಿದ್ಧ ಪ್ರಬಂಧ ಬಂದದ್ದು ಇದಾದ ಎರಡು ವರ್ಷಕ್ಕೆ.

ಪಾದ್ರಿಯಾದ್ದರಿಂದ ಸೃಷ್ಟಿಯ ಕತೆಯನ್ನು ಗಣಿತದೊಳಗೆ ತುರುಕಿದರು ಎಂಬ ಮಾತು ಲೆಮೇತ್ರರ ಬಗ್ಗೆ ಇಂದಿಗೂ ಕೇಳುತ್ತದೆ. ಹಾಗೆ ಹೇಳುವವರು 1927ರ ಪ್ರಬಂಧ ನೋಡಬೇಕು. ಅದರಲ್ಲಿ ಆರಂಭವೇ ಇಲ್ಲ. ಕೊನೆಯಿಲ್ಲದ ಭೂತಕಾಲದಲ್ಲಿ ನಿಶ್ಚಲವಾಗಿದ್ದ ವಿಶ್ವ ನಿಧಾನಕ್ಕೆ ಹಿಗ್ಗತೊಡಗಿತು ಎನ್ನುವ ಚಿತ್ರ ಅದು. ದೀಕ್ಷೆ ಪಡೆದು ನಾಲ್ಕು ವರ್ಷವಾಗಿದ್ದ ಗುರುವೊಬ್ಬರು, ಸಮೀಕರಣ ಆರಂಭವನ್ನು ಕೇಳಲಿಲ್ಲವಾದ್ದರಿಂದ, ಆರಂಭವಿಲ್ಲದ ವಿಶ್ವವನ್ನೇ ಮುಂದಿಟ್ಟರು.

ಆ ವರ್ಷ ಅಕ್ಟೋಬರಿನಲ್ಲಿ ಸಾಲ್ವೇ ಸಮ್ಮೇಳನಕ್ಕೆಂದು ಐನ್‌ಸ್ಟೈನ್ ಬ್ರಸೆಲ್ಸ್‌ಗೆ ಬಂದಿದ್ದರು. ಲೆಮೇತ್ರ ಐನ್‌ಸ್ಟೈನ್‌ರನ್ನು ಲೆಯೊಪೋಲ್ಡ್ ಉದ್ಯಾನದಲ್ಲಿ ಕಂಡು ಮಾತಾಡಿಸಿದರು. ಲೆಕ್ಕವೇನೋ ಸರಿ, ಭೌತಶಾಸ್ತ್ರವಾಗಿ ಮಾತ್ರ ಇದು ಅಸಹ್ಯ ಎಂದುಬಿಟ್ಟರು ಐನ್‌ಸ್ಟೈನ್. ಇದೇ ಬಗೆಯ ಗಣಿತವನ್ನು ರಷ್ಯಾದ ಅಲೆಕ್ಸಾಂಡರ್ ಫ್ರೀಡ್‌ಮನ್ 1922ರಲ್ಲೇ ಮಾಡಿದ್ದರೆಂದು ತಿಳಿಸಿದವರೂ ಅವರೇ. ಮುಂದಿನ ಮೂರು ವರ್ಷ ಲೆಮೇತ್ರರ ಪ್ರಬಂಧವನ್ನು ಕೇಳುವವರೇ ಇರಲಿಲ್ಲ. 1930ರಲ್ಲಿ ಅವರು ಹಳೆಯ ಗುರು ಎಡಿಂಗ್ಟನ್‌ಗೆ ಪತ್ರ ಬರೆದು ನೆನಪಿಸಿದ ಮೇಲೆಯೇ ಅದು ಬೆಳಕಿಗೆ ಬಂದು, 1931ರಲ್ಲಿ ಇಂಗ್ಲಿಷಿಗೂ ಇಳಿಯಿತು.

ಆರಂಭದ ಪ್ರಶ್ನೆ ಎದ್ದದ್ದು ಅದೇ 1931ರಲ್ಲಿ. ಪ್ರಕೃತಿಯ ಈಗಿನ ವ್ಯವಸ್ಥೆಗೆ ಒಂದು ಆರಂಭವಿತ್ತು ಎಂಬ ಕಲ್ಪನೆ ತಮ್ಮ ಮನಸ್ಸಿಗೆ ಒಗ್ಗದು ಎಂದು ಎಡಿಂಗ್ಟನ್ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಮೇ 9ರ ಸಂಚಿಕೆಯಲ್ಲಿ ಲೆಮೇತ್ರರ ಪುಟ್ಟ ಉತ್ತರ ಬಂತು. ಕಾಲದಲ್ಲಿ ಹಿಂದೆ ಹಿಂದೆ ಹೋದಂತೆ ಕ್ವಾಂಟಾಗಳ ಸಂಖ್ಯೆ ಕಡಿಮೆಯಾಗುತ್ತ ಹೋಗಿ, ಇಡೀ ವಿಶ್ವದ ಶಕ್ತಿ ಒಂದೇ ಒಂದು ಕ್ವಾಂಟಮ್‌ನಲ್ಲಿ ಅಡಗಿದ್ದಿರಬೇಕು. ಅದು ಒಡೆದು ಹಲವಾದ ಮೇಲಷ್ಟೇ ಕಾಲ, ದೇಶ ಎಂಬ ಮಾತಿಗೆ ಅರ್ಥ ಬರುತ್ತದೆ. ಇಂದು ಮಹಾಸ್ಫೋಟ ಎನ್ನುವ ವಿಚಾರದ ಮೊದಲ ರೂಪ ಇದು.

ಆ ಟಿಪ್ಪಣಿಯ ಬೆರಳಚ್ಚು ಪ್ರತಿ ಉಳಿದುಬಂದಿದೆ. ಅದರ ಕೊನೆಯಲ್ಲಿ ಅಚ್ಚಾಗದ ಒಂದು ಪ್ಯಾರಾ ಇದೆ. ಪರಮಾತ್ಮನನ್ನು ನಂಬುವವರು ಆತ ಮರೆಯಲ್ಲೇ ಇರುವವನೆಂದೂ ನಂಬುತ್ತಾರೆ, ಇಂದಿನ ಭೌತಶಾಸ್ತ್ರ ಸೃಷ್ಟಿಯ ಮೇಲೆ ತೆರೆ ಎಳೆದಿರುವುದು ಅವರಿಗೆ ಸಂತೋಷವನ್ನೇ ತಂದೀತು ಎಂಬುದು ಅದರ ಸಾರ. ಕಳಿಸುವ ಮುನ್ನ ಲೆಮೇತ್ರ ಅದನ್ನು ಹೊಡೆದುಹಾಕಿದರು. ತೆರೆದು ತೋರಿಸುತ್ತದೆ ಎಂದಲ್ಲ, ತೆರೆ ಎಳೆಯುತ್ತದೆ ಎಂದು ಬರೆದಿದ್ದರು ಎಂಬುದನ್ನು ಗಮನಿಸಿ. ಅಷ್ಟು ವಿನಯದ ಮಾತಿಗೂ ವಿಜ್ಞಾನದ ಪತ್ರಿಕೆಯಲ್ಲಿ ಜಾಗವಿಲ್ಲವೆಂದು ಅವರಿಗೆ ತೋರಿತು. ವಿಶ್ವ ಹಿಗ್ಗುತ್ತಿದೆ ಎಂದು ಕಂಡುಕೊಂಡದ್ದಕ್ಕೆ ಸಮನಾದ ಶೋಧ ಇದು ಎಂದು ನಾನು ನಂಬಿದ್ದೇನೆ: ಭೌತಶಾಸ್ತ್ರ ಹೇಳುವ ಆರಂಭ ಬೇರೆ, ಶ್ರದ್ಧೆ ಹೇಳುವ ಸೃಷ್ಟಿ ಬೇರೆ.

ಈ ಭೇದದ ಬೇರು ಅಕ್ವೈನಸ್‌ರಲ್ಲಿದೆ. ಜಗತ್ತು ಅನಾದಿ ಎಂದ ಅರಿಸ್ಟಾಟಲ್‌ನ ಬಗ್ಗೆ 1270ರ ಆಸುಪಾಸಿನಲ್ಲಿ ಪ್ಯಾರಿಸ್‌ನಲ್ಲಿ ದೊಡ್ಡ ಜಗಳವೆದ್ದಿತ್ತು. ಜಗತ್ತಿಗೆ ಆರಂಭವಿದೆಯೆಂದು ಶ್ರದ್ಧೆಯಿಂದ ಒಪ್ಪುತ್ತೇವೆ, ತರ್ಕದಿಂದ ಸಾಧಿಸಲಾಗದು ಎಂದರು ಅಕ್ವೈನಸ್. ಜಗತ್ತು ಎಂದೆಂದಿನಿಂದ ಇದ್ದಿದ್ದರೂ ಅದು ದೇವರ ಸೃಷ್ಟಿಯೇ ಆಗಿರಬಹುದಿತ್ತು, ಏಕೆಂದರೆ ಸೃಷ್ಟಿಯೆಂದರೆ ಇರುವಿಕೆಗಾಗಿ ಪ್ರತಿಕ್ಷಣವೂ ದೇವರನ್ನು ಆಶ್ರಯಿಸಿರುವುದು. ಬಡಗಿ ಹೋದರೂ ಕುರ್ಚಿ ಉಳಿಯುತ್ತದೆ. ಹಾಡುವವರು ನಿಲ್ಲಿಸಿದರೆ ಹಾಡು ಉಳಿಯುವುದಿಲ್ಲ. ಜಗತ್ತು ಅಕ್ವೈನಸ್‌ರಿಗೆ ಹಾಡಿನಂತೆ. ಹಾಡು ಯಾವಾಗ ಶುರುವಾಯಿತು ಎಂಬುದು ಬೇರೆಯೇ ಪ್ರಶ್ನೆ. ಮರ್ಸಿಯೆಯವರ ಬಳಗದಲ್ಲಿ ಬೆಳೆದ ಲೆಮೇತ್ರರಿಗೆ ಇದು ರಕ್ತಗತವಾಗಿತ್ತು. ಹಾಗಾಗಿಯೇ ಅವರು ಆರಂಭವಿಲ್ಲದ ವಿಶ್ವಕ್ಕೂ ಹೆದರಲಿಲ್ಲ, ಆರಂಭವಿರುವ ವಿಶ್ವವನ್ನು ಕಂಡು ಜಯಘೋಷವನ್ನೂ ಮಾಡಲಿಲ್ಲ.

ಇತರರಿಗೆ ಈ ಸಮಚಿತ್ತ ಇರಲಿಲ್ಲ. ಆದಿ ಕ್ವಾಂಟಮ್‌ನಲ್ಲಿ ಐನ್‌ಸ್ಟೈನ್‌ಗೆ ಸೃಷ್ಟಿವಾದದ ವಾಸನೆ ಬಡಿಯಿತು. ಮಹಾಸ್ಫೋಟ ಎಂಬ ಹೆಸರನ್ನು 1949ರಲ್ಲಿ ಬಿಬಿಸಿ ರೇಡಿಯೊದಲ್ಲಿ ಟಂಕಿಸಿದ ಫ್ರೆಡ್ ಹಾಯ್ಲ್ ಈ ಸಿದ್ಧಾಂತವನ್ನು ಕೊನೆಯವರೆಗೂ ಒಪ್ಪಲಿಲ್ಲ. ಅತ್ತ, ಧರ್ಮಸಭೆಯ ಶಿಖರದಲ್ಲೇ ಅತಿ ಉತ್ಸಾಹ ಕಾಣಿಸಿತು. 1951ರ ನವೆಂಬರ್ 22ರಂದು ಪಾಂಟಿಫಿಕಲ್ ವಿಜ್ಞಾನ ಅಕಾಡೆಮಿಯಲ್ಲಿ ಮಾತಾಡಿದ ಪೋಪ್ ಹನ್ನೆರಡನೆಯ ಪಯಸ್, ಬೆಳಕಾಗಲಿ ಎಂಬ ಆದಿವಾಕ್ಯಕ್ಕೆ ಆಧುನಿಕ ವಿಜ್ಞಾನವೇ ಸಾಕ್ಷಿ ನುಡಿದಂತಿದೆ ಎಂದರು. ಲೆಮೇತ್ರ 1936ರಿಂದ ಆ ಅಕಾಡೆಮಿಯ ಸದಸ್ಯರು. ಅವರಿಗೆ ಇದು ಸರಿಬರಲಿಲ್ಲ. ತಮ್ಮದು ಇನ್ನೂ ಪರೀಕ್ಷೆಗೆ ಒಳಗಾಗಬೇಕಾದ ಊಹೆ. ನಾಳೆ ಅದು ಬಿದ್ದರೆ ಅದಕ್ಕೆ ಆತುಕೊಂಡ ಶ್ರದ್ಧೆಯ ಗತಿಯೇನು? ವ್ಯಾಟಿಕನ್ ವೀಕ್ಷಣಾಲಯದ ಯೇಸುಸಭೆಯ ಗುರು ಡೇನಿಯಲ್ ಓಕಾನಲ್ ಜೊತೆ ಅವರು ಈ ಬಗ್ಗೆ ಮಾತಾಡಿದರು. ಮರುವರ್ಷ ಸೆಪ್ಟೆಂಬರಿನಲ್ಲಿ ರೋಮ್‌ನಲ್ಲಿ ಸೇರಿದ್ದ ಖಗೋಳವಿಜ್ಞಾನಿಗಳನ್ನು ಉದ್ದೇಶಿಸಿ ಪೋಪ್ ಮಾತಾಡಿದಾಗ ಆ ಹೋಲಿಕೆ ಬರಲಿಲ್ಲ. ಪ್ರತಿಭಟನೆ, ಹೇಳಿಕೆ ಯಾವುದೂ ಇರಲಿಲ್ಲ. ಪೋಪ್ ಬಗ್ಗೆ ಅವರ ಗೌರವಕ್ಕೂ ಕುಂದು ಬರಲಿಲ್ಲ. ತನ್ನ ಸಿದ್ಧಾಂತಕ್ಕೆ ಸಿಕ್ಕ ಅತಿ ದೊಡ್ಡ ಪ್ರಶಂಸೆಯನ್ನೇ ಬೇಡವೆನ್ನಲು ಎಂಥ ಪ್ರಾಮಾಣಿಕತೆ ಬೇಕು!

ಆದಿಮ ವಿಶ್ವದ ಶಾಖದ ಉಳಿಕೆಯಾದ ಸೂಕ್ಷ್ಮತರಂಗ ವಿಕಿರಣವನ್ನು ಅಮೆರಿಕದ ಪೆಂಜಿಯಾಸ್ ಮತ್ತು ವಿಲ್ಸನ್ ಪತ್ತೆ ಮಾಡಿದ ಸುದ್ದಿ 1965ರಲ್ಲಿ ಪ್ರಕಟವಾಯಿತು. ಕಾಯಿಲೆ ಬಿದ್ದಿದ್ದ ಲೆಮೇತ್ರರಿಗೆ ಶಿಷ್ಯ ಓಡನ್ ಗೊಡಾರ್ ಅದನ್ನು ಮುಟ್ಟಿಸಿದರು. 1966ರ ಜೂನ್ 20ರಂದು ಲೆಮೇತ್ರ ತೀರಿಕೊಂಡರು. ಹಬಲ್ ಹೆಸರಿನಲ್ಲಿದ್ದ ಹಿಗ್ಗುವಿಕೆಯ ನಿಯಮಕ್ಕೆ ಅವರ ಹೆಸರನ್ನೂ ಸೇರಿಸಬೇಕೆಂದು ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಸದಸ್ಯರು 2018ರಲ್ಲಿ ಮತ ಹಾಕಿದರು. ಧರ್ಮಸಭೆ ಅಷ್ಟು ಕಾಯಲಿಲ್ಲ. ಪೋಪ್ ಪಯಸ್ ಆ ಭಾಷಣ ಮಾಡಿದ ಅದೇ ವಿಜ್ಞಾನ ಅಕಾಡೆಮಿಗೆ 1960ರಲ್ಲಿ ಲೆಮೇತ್ರ ಅಧ್ಯಕ್ಷರಾದರು, ಸಾಯುವವರೆಗೂ ಆ ಹುದ್ದೆಯಲ್ಲಿದ್ದರು.