ಎತ್ತಿದ ಬಕೆಟ್ಟಿನ ಕೆಳಗೆ ನಿಲ್ಲದಿರೋಣ

ಮಾನ್ವಿ ಸೀಮೆಗೆ ತುಂಗಭದ್ರಾ ಎಡದಂಡೆ ಕಾಲುವೆ, ದೇವದುರ್ಗಕ್ಕೆ ನಾರಾಯಣಪುರ ಬಲದಂಡೆ ಕಾಲುವೆ ನೀರುಣಿಸುತ್ತವೆ. ಬೇಸಿಗೆಯಲ್ಲಿ ನೀರು ನಿಂತಾಗ ಕಾಲುವೆಗಳಲ್ಲಿ, ಮಳೆಗಾಲದ ಮುನ್ನ ರಾಯಚೂರು ನಗರದ ಚರಂಡಿಗಳಲ್ಲಿ ಹೂಳೆತ್ತುವ ಕೆಲಸ ನಡೆಯುತ್ತದೆ. ಹಿಂದೆ ಸಲಿಕೆ, ಬುಟ್ಟಿಗಳು ಮಾಡುತ್ತಿದ್ದುದನ್ನು ಇಂದು ಜೆಸಿಬಿ ಮಾಡುತ್ತಿದೆ. ಅದನ್ನು ನಡೆಸುವವರು ನಮ್ಮ ಮನೆಗಳ ಮಕ್ಕಳೇ.

ಎತ್ತಿ ಹಿಡಿದ ಬಕೆಟ್ಟಿಗೆ ಆಧಾರ ಕೊಳವೆಯೊಳಗಿನ ಎಣ್ಣೆಯ ಒತ್ತಡ ಮಾತ್ರ. ಕೊಳವೆ ಒಡೆದರೆ, ಲಿವರಿಗೆ ಯಾರದೋ ಕೈ ತಗುಲಿದರೆ, ಕ್ವಿಂಟಲುಗಟ್ಟಲೆ ಭಾರದ ಉಕ್ಕು ಕ್ಷಣದಲ್ಲಿ ಕುಸಿಯುತ್ತದೆ. ಆದ್ದರಿಂದ ಚಾಲಕನು ಇಳಿಯುವ ಮುನ್ನ ಬಕೆಟ್ಟು ನೆಲಕ್ಕೆ ತಾಗಿರಬೇಕು. ಬಳಿಕ ಇಂಜಿನ್ ನಿಲ್ಲಿಸಿ, ಲಿವರುಗಳನ್ನು ಅತ್ತಿತ್ತ ಆಡಿಸಿ ಒತ್ತಡ ಇಳಿಸಬೇಕು. ಕೀಲಿಯನ್ನು ಜೇಬಿನಲ್ಲಿಟ್ಟುಕೊಂಡೇ ಪಿನ್ನುಗಳಿಗೆ ಗ್ರೀಸು ತುಂಬಬೇಕು. ಮುಂದಿನ ತೋಳನ್ನು ಎತ್ತಿಯೇ ದುರಸ್ತಿ ಮಾಡಬೇಕಾದಲ್ಲಿ ಅದಕ್ಕೆಂದೇ ಇರುವ ಉಕ್ಕಿನ ಆಸರೆಯನ್ನು ತೊಡಿಸಬೇಕು. ಕಲ್ಲು, ಇಟ್ಟಿಗೆ ಸಲ್ಲವು.

ಎಣ್ಣೆ ಸೋರುವ ಜಾಗವನ್ನು ಬೆರಳಿನಿಂದ ತಡಕಬಾರದು, ರಟ್ಟಿನ ತುಂಡು ಹಿಡಿದು ನೋಡಬೇಕು. ಒತ್ತಡದ ಎಣ್ಣೆ ಸೂಜಿಯಂತೆ ಚರ್ಮ ತೂರುತ್ತದೆ. ಗಾಯ ಚಿಕ್ಕದೆಂದು ಅರಿಶಿನ ಮೆತ್ತಿ ಮಲಗಿದರೆ ಕೈಯೇ ಹೋಗಬಹುದು. ತಡಮಾಡದೆ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಬೇಕು.

ಎರೆಮಣ್ಣಿನ ದಂಡೆ ನೆನೆದರೆ ಜಾರುತ್ತದೆ. ಯಂತ್ರ ಅಂಚಿನಿಂದ ದೂರವಿರಲಿ. ಮೇಲಿನ ವಿದ್ಯುತ್ ತಂತಿಯ ಮೇಲೂ ಕಣ್ಣಿರಲಿ. ನೋಡಲು ನೆರೆಯುವ ಮಕ್ಕಳನ್ನು ಹಿರಿಯರು ದೂರ ನಿಲ್ಲಿಸಲಿ. ಬಕೆಟ್ಟಿನಲ್ಲಿ ಯಾರನ್ನೂ ಕೂರಿಸದಿರಲಿ.

ಮಹಾನವಮಿಯಂದು ಯಂತ್ರಕ್ಕೆ ವಿಭೂತಿ ಹಚ್ಚಿ ಕಾಯಿ ಒಡೆಯುತ್ತೇವೆ. ಕಾಯಕವನ್ನು ಪೂಜೆಯೆಂದು ಕಲಿಸಿದ ಶರಣರ ಮಕ್ಕಳಾದ ನಮಗೆ ಅಷ್ಟರಿಂದ ಪೂಜೆ ಮುಗಿಯದು. ನಿತ್ಯ ಬೆಳಗಿನ ತಪಾಸಣೆಯೂ ಪೂಜೆಯೇ. ದುಡಿಯಲು ಹೋದ ಮಗ ಸಂಜೆ ಕ್ಷೇಮವಾಗಿ ಮನೆ ಸೇರುವುದೇ ಅದರ ಪ್ರಸಾದ.