ಒಬ್ಬ ಹೊಡೆದರೆ ಸಾಲದೇ?

ಪ್ರಶ್ನೆ: ಕೊಹ್ಲಿಯಂಥ ಬ್ಯಾಟ್ಸ್‌ಮನ್ ಇದ್ದರೂ ತಂಡ ರನ್ನಿಗೆ ತಿಣುಕುವುದೇಕೆ? – ಓದುಗರು, ಹೊಳೆನರಸೀಪುರ

ಟಿ20ಯಲ್ಲಿ ಒಂದು ತಂಡಕ್ಕಿರುವುದೇ 120 ಎಸೆತ. ಎಂಥ ಬ್ಯಾಟ್ಸ್‌ಮನ್‌ಗೂ ಅದರಲ್ಲಿ ಅರ್ಧ ಸಿಕ್ಕರೆ ಹೆಚ್ಚು. ಎದುರಾಳಿ ನಾಯಕ ಫೀಲ್ಡರುಗಳನ್ನು ಬೌಂಡರಿಗೆ ಅಟ್ಟಿ ಅವನಿಗೆ ಒಂದು ರನ್ ಬಿಟ್ಟುಕೊಡುತ್ತಾನೆ. ಆಮೇಲೆ ಜೊತೆಗಾರನನ್ನು ಕಟ್ಟಿಹಾಕುತ್ತಾನೆ. ಅರಕಲಗೂಡಿನ ಆಲೂಗಡ್ಡೆ ಹೊಲದಲ್ಲಿ ಜೋಡೆತ್ತಿನಲ್ಲಿ ಒಂದು ಕುಂಟಿದರೆ ಇನ್ನೊಂದು ಎಷ್ಟು ಗಟ್ಟಿಯಿದ್ದರೇನು, ಉಳುಮೆ ಸಾಗದು. ಡಾಟ್ ಬಾಲ್ ಹೆಚ್ಚಿದಂತೆ ಸ್ಟಾರ್ ಆಟಗಾರನೂ ದುಡುಕಿ ಔಟಾಗುತ್ತಾನೆ.

2016ರ ಐಪಿಎಲ್‌ನಲ್ಲಿ ಕೊಹ್ಲಿ ಬಾರಿಸಿದ್ದು 973 ರನ್. ಫೈನಲ್‌ನಲ್ಲಿ ಮೊದಲ ವಿಕೆಟ್ಟಿಗೇ 114 ಬಂದರೂ ನಂತರ ಕುಸಿದ ಅವರ ತಂಡ ಆರ್‌ಸಿಬಿ 8 ರನ್‌ಗಳಿಂದ ಸೋತಿತು (ಆ ರಾತ್ರಿ ನೆನಪಿಸಿದ್ದಕ್ಕೆ ಬೈಯಬೇಡಿ!). 2025ರ ಫೈನಲ್‌ನಲ್ಲಿ ಆರ್‌ಸಿಬಿಯ ಒಬ್ಬರೂ ಅರ್ಧಶತಕ ಹೊಡೆಯಲಿಲ್ಲ; ಎಲ್ಲರೂ ಸೇರಿ 190 ಮಾಡಿ, 6 ರನ್‌ಗಳಿಂದ ಕಪ್ ಗೆದ್ದರು.